ವಿಶಾಖಾ ಅತ್ತ ದೃಶ್ಯ

…ನೆಲ ನೋಡಬ್ಯಾಡ, ಮುಕ್ತಾಬಾಯಿ. ನನ್ನ ತುಟಿ ನೋಡು. ನಿನಗ ತಿಳೀಲಿ ಅಂತನ ನಿಧಾನ ಮಾತಾಡಾಕತ್ತೇನಿ. ಹತ್ತನೇ ವಯಸ್ಸಿಗೆ ಜ್ವರ ಬಂದು ಕಿವಿ ಹೋದವು, ಒಪ್ಪಿದೆ. ಕಣ್ಣು ಹೋಗಿಲ್ಲಲ್ಲ? ನಿನ್ನೆ ಬಸವಕಲ್ಯಾಣದ ದೊಡ್ಡ ಮಂದಿ ಎಲ್ಲಾ ನನ್ನ ಶಾಲೆಯೊಳಗ ಕೂತು ಸಿನಿಮಾ ನೋಡಾಕತ್ತಾಗ, ನೀ ನಡುವ ಎದ್ದು ಹೋದಿ. ಚಪ್ಪಲಿ ಸುದ್ದಾ ಬಿಟ್ಟು. ಯಾಕ?

ಕಸಬರಿಗಿ ಕೆಳಗಿಡು. ವರಾಂಡ ಆಮೇಲೆ ಗುಡಿಸು.

ಸುಮ್ಮನ ಮಾಡಿದ ಸಿನಿಮಾ ಅಲ್ಲ ಅದು. ನೂರು ವರ್ಷದ ಹಳೇ ಕಾದಂಬರಿ. ಅದನ್ನ ಹಳೇ ಕಾಲದ ಹಾಂಗ ಮೂಕಿ ಚಿತ್ರ ಮಾಡಿದಿವಿ. ಕಪ್ಪು ಬಿಳುಪು, ಬರೇ ಹಾರ್ಮೋನಿಯಂ ಪೇಟಿ ಸಂಗೀತ, ನಡುನಡುವ ಬರೆದ ಮಾತು. ಮೊಬೈಲ್ ಹಿಡಿದವ ನಾಗನಾಥ ಮಾಸ್ತರ, ಉಳಿದದ್ದೆಲ್ಲಾ ನಂದು. ಯಜಮಾನಿ ಪಾತ್ರ ನಾನೇ ಮಾಡಿದೆ. ಕೆಲಸದ ಹುಡುಗಿ, ನಿನ್ನ ಮಗಳು ವಿಶಾಖಾ. ಮುಡಬಿಯಿಂದ ಆಟೋದಾಗ ಒತ್ತಿಕೊಂಡು ಬರೋ ಹುಡುಗಿಗೆ ಇಂಥಾ ಪಾತ್ರ ಬ್ಯಾರೆ ಯಾರು ಕೊಡತಿದ್ದರು?

ತಲಿ ಅಲ್ಲಾಡಿಸಬ್ಯಾಡ. ಬರೋ ಐತವಾರ ಹುಮನಾಬಾದಿನಾಗ ಸಿನಿಮಾಕ್ಕ ಮೊದಲನೇ ಬಹುಮಾನ ಕೊಡತಾರ. ಹುಡುಗಿ ನನ್ನ ಪಕ್ಕದಾಗ ವೇದಿಕೆ ಮ್ಯಾಲ ನಿಲ್ಲಬೇಕು. ಮೂರು ವಾರ ಆತು, ಶಾಲೆಗೆ ಬಂದಿಲ್ಲ. ಉಣ್ಣೋದಿಲ್ಲಂತ, ನಿನ್ನ ಜೋಡಿ ಮಾತೂ ಬಿಟ್ಟಾಳಂತ… ಅದು ವಯಸ್ಸು. ತಾಯಿ ಬಿಗಿ ಹಿಡಿದಿದ್ದರ ಹಿಂಗ ಆಗತಿರಲಿಲ್ಲ.

ಹಾಂಗ್ಯಾಕ ನೋಡತಿ?

ಆ ಅಳೋ ದೃಶ್ಯ ತೆಗೆದ ದಿನ ಆದದ್ದಿಷ್ಟು. ಯಜಮಾನಿ ಆ ತಬ್ಬಲಿ ಹುಡುಗಿಯ ಗಲ್ಲ ಹಿಡಿದು ಸಮಾಧಾನ ಹೇಳಬೇಕು, ಹುಡುಗಿ ಅಳಬೇಕು. ಅಳಲಿಲ್ಲ. ಹನ್ನೊಂದು ಸಲ ತೆಗೆದಿವಿ, ಹನ್ನೊಂದು ಸಲವೂ ನಕ್ಕಳು. ಕಣ್ಣಿಗೆ ಹಿಂಡಾಕ ಉಳ್ಳಾಗಡ್ಡಿ ತರಲೇನ್ರಿ ಅಂದ ಮಾಸ್ತರ. ಸುಳ್ಳು ಕಣ್ಣೀರು ನನಗ ಸೇರೋದಿಲ್ಲ ಅಂದೆ. ಕಾನ್ವೆಂಟಿನಾಗ ಸಿಸ್ಟರುಗಳು ನಮಗ ಕಲಿಸಿದ್ದೇ ಅದು, ಅರೆಬರೆ ಕೆಲಸ ಮಾಡಬಾರದು. ಹನ್ನೆರಡನೇ ಸಲ ಅತ್ತಳು ನೋಡು. ತೀರ್ಪುಗಾರರು ಬಹುಮಾನ ಕೊಟ್ಟಿದ್ದೇ ಆ ಅಳುವಿಗೆ.

ನಾ ಏನು ಹೇಳಿದೆ ಅಂದರ? ಸಮಾಧಾನದ ಮಾತು ಹೇಳಿದೆ. ಶಬ್ದ ಇಲ್ಲದ ಸಿನಿಮಾದಾಗ ಏನು ಅಂದರೇನು. ಮಾಸ್ತರ ಅಂಗಳದ ಆ ಕಡೆ ಇದ್ದ, ಅವನಿಗೂ ಕೇಳಿಲ್ಲ.

ಬ್ಲೌಸಿನಾಗಿಂದ ಏನು ತೆಗಿತಿ? ಆ ಚೀಟಿ ಒಳಗಿಡು. ದೀಪಾವಳಿಗೆ ನಿನ್ನ ಗಂಡ ಅಜೀತ ಪುಣೆಯಿಂದ ಕಳಿಸಿದ್ದಲ್ಲ? ನಾನೇ ಓದಿ ಹೇಳೇನಿ ನಿನಗ, ಮರೆತಿಲ್ಲ. ಇಲ್ಲಿ ಬ್ಯಾರೆ ಸಂಸಾರ ಮಾಡೇನಿ, ಬರೋದಿಲ್ಲ, ನನಗ ಮಗಳು ಇಲ್ಲ ಅಂತ ತಿಳಕೊ, ಅಂತ ಬರೆದಿದ್ದ… ಬುದ್ಧ ಪೌರ್ಣಿಮೆಗೆ ಅಪ್ಪ ಬರತಾನ ಅಂತ ಹುಡುಗಿ ದಿನಾ ಎಣಿಸತಾಳ, ಆಕಿಗೆ ಹೇಳಬ್ಯಾಡ್ರಿ ಅಂತ ನನ್ನ ಕೈ ಹಿಡಿದಿ. ಹೇಳೋದಿಲ್ಲ ಅಂದೆ. ಅಂದ ಮ್ಯಾಲ ಮುಗೀತು. ನಮ್ಮ ಮನೆತನದಾಗ ಕೊಟ್ಟ ಮಾತು ಯಾರೂ ಮುರಿದಿಲ್ಲ.

ಏನರ ಅನ್ನು. ಮಾತು ಬರತಾವ ನಿನಗ.

ಮೊಬೈಲ್ ಯಾಕ ತೊಗೊಂಡಿ? ನನ್ನ ಮೇಜಿನ ಸಾಮಾನು ಕೇಳದೇ ಮುಟ್ಟಬಾರದು ಅಂತ ಎಷ್ಟು ಸಲ… ಸಿನಿಮಾ ಹಚ್ಚಾಕ ಯಾರು ಕಲಿಸಿದರು? ವಿಶಾಖಾ?

ಹೌದು, ಅದ ದೃಶ್ಯ. ಅದು ನನ್ನ ಮುಖ. ಮಾಸ್ತರ ದೂರದಿಂದನ ಝೂಮ್ ಮಾಡಿ ಬಹಳ ದೊಡ್ಡದು ತೆಗೆದಾನ… ಬೆರಳು ತೆಗಿ. ನನ್ನ ತುಟಿ ಮ್ಯಾಲ ಬೆರಳು ಯಾಕ ಇಡತಿ? ಮತ್ತ ಹಿಂದಕ್ಕ ಒಯ್ಯಬ್ಯಾಡ. ಮುಂದ ಬಿಡು, ಅಕ್ಷರ ಬರತಾವ. ಬಂದವು ನೋಡು. "ಅಳಬೇಡ ಮಗಳೇ, ನಿನಗೆ ನಾನಿದ್ದೇನೆ." ನಾ ಹೇಳಿದ್ದು ಇಷ್ಟೇ. ನಿನ್ನೆ ಇಡೀ ಮಂದಿ ಅದನ್ನೇ ಓದಿ ಕಣ್ಣು ಒರೆಸಿಕೊಂಡದ. ನೀನೂ ಓದು.

ಓದು…

ನಿನಗ ಅಕ್ಷರ ಓದಾಕ ಬರೋದಿಲ್ಲ.

ಮುಕ್ತಾಬಾಯಿ… ನೆಲ ನೋಡು. ನನ್ನ ತುಟಿ ನೋಡಬ್ಯಾಡ.