ಗೇಣುದ್ದದ ಹಸಿರು ಕಾರು

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಯಾರಾದರೂ ಕಿಸಕ್ ಅಂದರೆ ನಾನು ಎದ್ದು ಹೋಗಿ ಮಲಗ್ತೀನಿ. ಆಮೇಲೆ ಉಳಿದದ್ದನ್ನ ನೀವೇ ಊಹಿಸ್ಕೊಂಡು ಬೆಳಗಾಗೋವರೆಗೂ ಕಣ್ಣು ಬಿಟ್ಕೊಂಡು ಬಿದ್ದಿರಿ. ಇದು ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಅವನೇ, ಚಿಮಟ. ಎಲ್ಲರ ಜೇಬಲ್ಲಿ ಪೆನ್ನಿದ್ದರೆ ಅವನ ಜೇಬಲ್ಲಿ ಒಂದು ಸಣ್ಣ ಚಿಮಟ ಇರುತ್ತೆ, ಅದಕ್ಕೇ ಆ ಹೆಸರು.

ಅವತ್ತು ರಾತ್ರಿ ಅವನು ಪೇಟೆಯಿಂದ ನಡ್ಕೊಂಡು ಬರ್ತಿದ್ದ. ಕೈಯಲ್ಲಿ ಬಣ್ಣದ ಡಬ್ಬಿಗಳ ಚೀಲ. ರಸ್ತೆ ತಿರುವಲ್ಲಿ ಒಂದು ಹಳೇ ಬಾವಿ... ಕಟ್ಟೆ ಮೊಣಕಾಲೆತ್ತರ, ಬಾಯಿ ಒಂದು ಮನೆಯಷ್ಟು ಅಗಲ. ಬೀದಿ ದೀಪ ಇಲ್ಲ. ಕೇಳ್ತಿದ್ದದ್ದು ಇವನ ಚಪ್ಪಲಿ ಸದ್ದು ಒಂದೇ. ಬಲಗಾಲು ಎಳೆದುಕೊಂಡು ನಡೀತಾನಲ್ಲ, ಚರ್... ಚರ್... ಅಂತ. ಬಾವಿ ಹತ್ತಿರ ಬಂದಾಗ ಇನ್ನೊಂದು ಸದ್ದು.

ಟಪ್.

ನಿಂತ.

ಟಪ್... ಟಪ್ ಟಪ್.

ಮರ ಬಡಿದ ಸದ್ದಲ್ಲ, ಕಲ್ಲಿನದ್ದೂ ಅಲ್ಲ. ಅಂಗೈಯಲ್ಲಿ ಗಾಜು ಬಡಿದರೆ ಬರುತ್ತಲ್ಲ, ಅದು. ಆದರೆ ಮೇಲೆ ಕಂಬಳಿ ಹೊದಿಸಿದ ಹಾಗೆ ಮಂದ. ಕೆಳಗಿಂದ ಬರ್ತಿತ್ತು. ಆಮೇಲೆ ಬುಳುಕ್ ಅಂತ ಒಂದು ಗುಳ್ಳೆ. ಯಾವುದೋ ಪಂಪ್‌ಸೆಟ್ಟು ಅಂದ್ಕೊಂಡನಂತೆ. ಕೈಗಡಿಯಾರ ನೋಡ್ಕೊಂಡ, ಮನೆ ಕಡೆ ನಡೆದ. ನಮಗೆಲ್ಲ ಅವನು ಹೇಳಿದ್ದು ಇಷ್ಟೇ. ನಾವೂ ನಂಬಿದ್ವಿ.

ಬೆಳಿಗ್ಗೆ ಕ್ರೇನ್ ಬಂತು. ಬಾವಿಯಿಂದ ಎತ್ತಿದ್ದು ಆ ಬೀದಿಯ ಕೊನೇ ಮನೆ ಡ್ರೈವರಣ್ಣನ ಕಾರು. ಬಾಡಿಗೆಗೆ ಓಡಿಸ್ತಿದ್ದ ಹಳೇ ಕಾರು, ಕಡು ಹಸಿರು. ತಿರುವಲ್ಲಿ ಕಟ್ಟೆ ಒಡ್ಕೊಂಡು ಒಳಗೆ ಹೋಗಿತ್ತು. ಬಾಗಿಲು ಜಜ್ಜಿಹೋಗಿ ಕಚ್ಕೊಂಡುಬಿಟ್ಟಿತ್ತು, ತೆಗೆಯೋಕಾಗಿರಲಿಲ್ಲ. ಡ್ರೈವರಣ್ಣ ಒಳಗೇ ಇದ್ದ. ಅವನ ಹೆಂಡತಿ ಅಳಲಿಲ್ಲ. ನೆರೆದವರ ಮುಖ ಒಂದೊಂದಾಗಿ ನೋಡ್ತಾ ಒಂದೇ ಮಾತು ಕೇಳ್ತಿದ್ದಳು.

"ಬಡಿದಿರ್ತಾರೆ. ಸುಮ್ಮನೆ ಸಾಯೋ ಮನುಷ್ಯ ಅಲ್ಲ ಅವರು. ಯಾರಿಗೂ ಕೇಳಿಸಲಿಲ್ವಾ?"

ಚಿಮಟನ ಕಡೆ ಅವಳಿನ್ನೂ ತಿರುಗಿರಲಿಲ್ಲ. ಇವನೇ ಬಾಯಿ ಬಿಟ್ಟ. "ನಾನು ಆ ದಾರೀಲಿ ಬರಲೇ ಇಲ್ಲ, ಅತ್ತಿಗೆ." ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ! ಮನೆಯವರ ಮುಂದೆ ಪಂಪ್‌ಸೆಟ್ಟು, ಅವಳ ಮುಂದೆ ಆ ದಾರಿಯೇ ಇಲ್ಲ.

ಚಿಮಟನಿಗೂ ಡ್ರೈವರಣ್ಣನಿಗೂ ಮೊದಲೇ ಆಗ್ತಿರಲಿಲ್ಲ. ಚಿಮಟನಿಗೆ ಪುಟ್ಟ ಕಾರು ಮಾಡೋ ಹುಚ್ಚು ಅಂತ ಗೊತ್ತಲ್ಲ. ಅಂಗಡೀಲಿ ಕೊಂಡು ತಂದಿಡೋದಲ್ಲ, ಮಾಡೋದು. ಪ್ಲಾಸ್ಟಿಕ್ ಭಾಗಗಳನ್ನ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು... ನಿಜವಾದ ಕಾರನ್ನ ಇಪ್ಪತ್ತನಾಲ್ಕು ಪಾಲು ಕುಗ್ಗಿಸಿದರೆ ಎಷ್ಟೋ ಅಷ್ಟು. ಒಂದು ಗೇಣು. ವೈಪರು, ಕನ್ನಡಿ, ನಂಬರ್ ಪ್ಲೇಟು, ಎಲ್ಲ ಅಳತೆ ಪ್ರಕಾರ. ಗಾಜಿನ ಬೀರು ತುಂಬ ಅವೇ. "ಮನೆ ನಲ್ಲಿ ಸೋರಿದರೆ ಇವರ ಕೈಗೆ ಪುರುಸೊತ್ತಿಲ್ಲ ಅಕ್ಕ, ಬೊಂಬೆ ಕಾರಿನ ಸೈಲೆನ್ಸರಿಗೆ ತುಕ್ಕು ಬಳಿಯೋಕೆ ರಾತ್ರಿಯೆಲ್ಲ ಇದೆ" ಅಂತ ಅವನ ಹೆಂಡತಿ ನನ್ನ ಹತ್ರ ಗೋಳಾಡ್ತಿದ್ದಳು.

ಆ ಹಸಿರು ಕಾರಿನ ಮೇಲೆ ಇವನ ಕಣ್ಣು ಬಿದ್ದಿತ್ತು. ಒಂದು ದಿನ ಕೇಳದೆ ಮಾಡದೆ ಬಾಗಿಲು ತೆಗೆದು, ಒಳಗೆ ಕೂತು, ಟೇಪು ಹಿಡಿದು ಅಳೀತಿದ್ದ. ಡ್ರೈವರಣ್ಣ ಬಂದವನೇ ಕೊರಳಪಟ್ಟಿಗೆ ಕೈ ಹಾಕಿ ಹೊರಗೆಳೆದ. ಆ ಕೈಗೆ ಕಿರುಬೆರಳಿರಲಿಲ್ಲ. ಎಡಗೈ. ಹಿಂದೆ ಯಾವಾಗಲೋ ಬಾನೆಟ್ ಬಿದ್ದು ಹೋಗಿತ್ತು.

"ಅಣ್ಣಾ, ಅಳತೆ ತಗೋತಿದ್ದೆ ಅಷ್ಟೇ..."

"ಇದು ನನ್ನ ಅನ್ನ ಕಣೋ! ನಿನ್ನ ಆಟದ ಸಾಮಾನಲ್ಲ. ಇನ್ನೊಂದು ಸಲ ಒಳಗೆ ಕಂಡರೆ ಕಾಲು ಮುರೀತೀನಿ."

ಇಡೀ ಬೀದಿ ನಕ್ಕಿತು. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳ್ಲಿ. ಚಿಮಟ ಮಾತ್ರ ಅದನ್ನ ಹೊಟ್ಟೆಯಲ್ಲಿಟ್ಟುಕೊಂಡ.

ಈಗ ಕೇಳಿ ಅವನ ಕೆಲಸಾನ. ಸತ್ತವನ ಮನೆ ಮುಂದೆ ಹಾಕಿದ್ದ ಕುರ್ಚಿ ಇನ್ನೂ ತೆಗೆದಿರಲಿಲ್ಲ, ಇವನು ಗುಜರಿ ಅಂಗಡಿಗೆ ಹೋದ. ಕಾರನ್ನ ಅಲ್ಲಿ ತಂದು ನಿಲ್ಲಿಸಿದ್ದರು. ಬೈಯೋರಿಲ್ಲ, ಹೊರಗೆಳೆಯೋರಿಲ್ಲ. ಸಾವಕಾಶವಾಗಿ ಅಳೆದ. ಫೋಟೊ ಹೊಡೆದ. ಬಣ್ಣ ತಾಳೆ ನೋಡೋಕೆ ಒಂದು ಚಕ್ಕೆ ಕೆರೆದುಕೊಂಡ. ಸಾಲದು ಅಂತ ಡ್ರೈವರ್ ಸೀಟಿನ ಬಟ್ಟೆಯಿಂದ ಹೆಬ್ಬೆರಳಷ್ಟು ಚೂರು ಕತ್ತರಿಸಿ ತಂದ. ಪುಟ್ಟ ಸೀಟಿಗೆ ಹೊದಿಸೋಕೆ ಅಂತೆ, ಅಸಲಿಯಾಗಿರಲಿ ಅಂತೆ! ಥೂ, ಈಗಲೂ ನೆನೆಸ್ಕೊಂಡರೆ ನನಗೆ ಮೈ ಉರಿಯುತ್ತೆ. ಅವತ್ತೇ ಉಗಿದೆ. "ಲೋ, ಹೆಣದ ಮೈಗೆ ತಾಗಿದ ಬಟ್ಟೆ ಅದು. ಎಸೆದು ಬಾ."

"ನಿನಗೆ ಗೊತ್ತಾಗಲ್ಲ ಬಿಡಕ್ಕ. ಪುಟ್ಟ ಕಾರುಗಳ ಪ್ರದರ್ಶನ ಇದೆ, ಅದರಲ್ಲಿ ಇದಕ್ಕೇ ಮೊದಲ ಬಹುಮಾನ. ಅವತ್ತು ನಕ್ಕೋರೆಲ್ಲ ಬಂದು ನೋಡ್ಲಿ."

ಕೂತು ಮಾಡಿದ. ಚೆನ್ನಾಗೇ ಮಾಡಿದ, ಅದನ್ನ ಇಲ್ಲ ಅನ್ನಲ್ಲ. ಕೊನೆಗೆ ಮುಂದಿನ ಗಾಜೊಂದು ಉಳಿದಿತ್ತು, ಬೆಳಗಾದರೆ ಪ್ರದರ್ಶನ. ಈ ಕೆಲಸದಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳ್ತಾರಂತೆ, ತಟ್ಟನೆ ಅಂಟೋ ಗಮ್ಮನ್ನ ಗಾಜಿನ ಹತ್ತಿರ ತರಬೇಡ ಅಂತ. ಅದರ ಹಬೆ ಗಾಜಿಗೆ ಹಿಡಿದು ಬೆಳ್ಳಗೆ ಪೊರೆ ಕಟ್ಟುತ್ತೆ. ಎಲ್ಲೆಲ್ಲಿ ಕೈ ತಾಗಿದೆಯೋ ಆ ಗುರುತೆಲ್ಲ ಎದ್ದು ಕಾಣುತ್ತೆ. ಗಾಜಿಗೆ ಬೇರೆ ಗಮ್, ನಿಧಾನಕ್ಕೆ ಒಣಗೋದು. ಇವನಿಗೆ ಕಾಯೋ ವ್ಯವಧಾನ ಇರಲಿಲ್ಲ. ತಟ್ಟನೆ ಅಂಟೋದನ್ನೇ ಹಚ್ಚಿದ, ಮೇಲಿನ ಕವಚಾನ ತಳಕ್ಕೆ ಕೂರಿಸಿ ಸುತ್ತ ಅಂಟಿಸಿ, ಡಬ್ಬಿಯೊಳಗಿಟ್ಟು ಮುಚ್ಚಿದ.

ಸಂಜೆ ತೆಗೆದು ನೋಡಿದರೆ ಗಾಜೆಲ್ಲ ಬೆಳ್ಳಗೆ. ತಲೆ ಚಚ್ಕೊಂಡ. ಆಮೇಲೆ ಭೂತಗನ್ನಡಿ ಹಿಡಿದ...

ಕೈಗಳು.

ಅಕ್ಕಿಕಾಳಷ್ಟುದ್ದ, ಒಂದೊಂದು. ಅಂಗೈ, ಬೆರಳು, ಎಲ್ಲ ಸ್ಪಷ್ಟ. ಒಂದರ ಮೇಲೊಂದು ಬಡಿದ ಹಾಗೆ, ಮುಂದಿನ ಗಾಜಿನ ಮೇಲೆ, ಪಕ್ಕದ ಗಾಜಿನ ಮೇಲೆ. ಹೊರಗಿಂದಲ್ಲ. ಬಟ್ಟೆಯಲ್ಲಿ ಹೊರಗೆಲ್ಲ ಉಜ್ಜಿ ನೋಡಿದ, ಒಂದೂ ಅಳಿಸಲಿಲ್ಲ. ಎಲ್ಲ ಒಳಮೈಗೆ.

ಹೆಂಡತಿಯನ್ನ ಕೂಗಿದ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು.

"ಯಾರದ್ರೀ ಈ ಕೈ?"

"ಧೂಳು ಕಣೇ."

"ಧೂಳಿಗೆ ಬೆರಳಿರುತ್ತಾ? ಎಡಗೈಗಳಿಗೆಲ್ಲ ನಾಲ್ಕೇ ಇವೆ, ನೋಡಿ..."

ಅವಳಿಗೆ ಅಲ್ಲೇ ಗೊತ್ತಾಯ್ತು. ತಗೊಂಡು ಹೋಗಿ ಡ್ರೈವರಣ್ಣನ ಮನೆಗೆ ಕೊಟ್ಟು ಕಾಲಿಗೆ ಬೀಳಿ ಅಂದಳು. ಇವನು ಕೇಳಬೇಕಲ್ಲ! ಗಾಜಿಗೆಲ್ಲ ಕಪ್ಪು ಬಣ್ಣ ಬಳಿದರಾಯ್ತು, ಕಪ್ಪು ಗಾಜಿನ ಕಾರು ಅಂದರಾಯ್ತು ಅಂತ ಹೊರಟ. ರಾತ್ರಿ ಎಲ್ಲ ಮಲಗಿದ ಮೇಲೆ ತನ್ನ ಕೋಣೆ ಬಾಗಿಲು ಹಾಕ್ಕೊಂಡ. ಬಣ್ಣದ ಮೇಲೆ ಧೂಳು ಕೂರಬಾರದು ಅಂತ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ, ಕಿಟಕಿ ಮುಚ್ಚಿದ. ದಿನಾ ಮಾಡೋದೇ. ಎಡಗೈಯಲ್ಲಿ ಕಾರು, ಬಲಗೈಯಲ್ಲಿ ಕುಂಚ.

ಟಪ್.

ಏ, ಯಾರದು ನನ್ನ ಸೆರಗು ಹಿಡಿದಿರೋದು? ಬಿಡು.

ಟಪ್... ಟಪ್ ಟಪ್. ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಯಿತಂತೆ. ಹಿಡಿದ ಕಾರು ಒಳಗಿಂದ ಅದುರ್ತಿತ್ತು. ಕೈಬಿಟ್ಟು ಎದ್ದು ಬಾಗಿಲೆಳೆದ. ಬರಲಿಲ್ಲ. ಹೊರಗಡೆ ಚಿಲಕವೇ ಇಲ್ಲದ ಬಾಗಿಲು ಅದು, ಅಲ್ಲಾಡಲೂ ಇಲ್ಲ. ಕಿಟಕಿಗೆ ಓಡಿದ. ಕಿಟಕಿ ಗಾಜು ಅಂಚಿಂದ ಬೆಳ್ಳಗಾಗ್ತಾ ಬರ್ತಿತ್ತು. ಉಸಿರೆಳೆದರೆ ಗಾಳಿ ಇಲ್ಲ. ಬಡಿದ. ಎರಡೂ ಅಂಗೈಯಲ್ಲಿ ಬಡಿದ. ಹೆಂಡತಿಯನ್ನ ಕೂಗಿದರೆ ಗಂಟಲಿಂದ ಬುಳುಕ್ ಅಂತ ಒಂದು ಸದ್ದು ಬಂತು, ಅಷ್ಟೇ.

ಬೆಳ್ಳಗಾದ ಗಾಜಿನ ನಡುವೆ ಒಂದಿಷ್ಟು ಜಾಗ ತಿಳಿಯಾಗಿತ್ತು. ಅಲ್ಲಿಂದ ನೋಡಿದ. ಹೊರಗೆ ಬೀದಿ ಇರಲಿಲ್ಲ. ಹಸಿರು ನೀರು. ಮೇಲೆ, ದೂರದಲ್ಲಿ, ಬಾವಿಯ ಬಾಯಿ. ಕಟ್ಟೆಯ ಅಂಚು. ಆಗ ಕೇಳಿಸಿತು...

ಚರ್... ಚರ್... ಚರ್...

ಯಾರೋ ಬಂದರು. ಕೈಯಲ್ಲಿ ಚೀಲ. ನಿಂತರು. ಕಟ್ಟೆ ಮೇಲಿಂದ ಬಗ್ಗಿ ನೋಡಿದರು. ಚಿಮಟ ಕೈ ಒಡೆದು ಹೋಗೋ ಹಾಗೆ ಬಡಿದ. ಆಮೇಲೆ ಅವನೇ ನನಗೆ ಹೇಳಿದ್ದು: "ಅವನಿಗೆ ಕೇಳಿಸ್ತು ಅಕ್ಕ. ನಾನು ಒಳಗಿರೋದು ಕಾಣಿಸ್ತು. ತುಟಿಯಂಚಲ್ಲಿ ಒಂದು ಸಲ ನಕ್ಕ. ಗಡಿಯಾರ ನೋಡ್ಕೊಂಡ. ಹೊರಟುಹೋದ... ಅಕ್ಕ, ಅದು ನನ್ನ ಮುಖ. ನಾನೇ ಅದು."

ಚಪ್ಪಲಿ ಸದ್ದು ದೂರ ಆಯ್ತಂತೆ. ಆಗ ಹಿಂದುಗಡೆಯಿಂದ, ಕಿವಿಯ ಹತ್ತಿರ, ತಣ್ಣಗೆ...

"ಅಳತೆ ಸರಿಯಾಯ್ತಾ?"

ಬೆಳಿಗ್ಗೆ ಹೆಂಡತಿ ಬಾಗಿಲು ತಳ್ಳಿದಳು. ಒಂದೇ ಬೆರಳಿಗೆ ತೆರ್ಕೊಂಡಿತು. ಕಿಟಕಿ ಕೆಳಗೆ ಮುದುಡಿ ಬಿದ್ದಿದ್ದ, ಅಂಗೈ ಎರಡೂ ಊದಿ ನೀಲಿಗಟ್ಟಿದ್ದವು. ಅವಳು ಹೇಳಿದ ಮಾತು ಇದು: "ರಾತ್ರಿಯೆಲ್ಲ ಟಪ್ ಟಪ್ ಅಂತಿತ್ತು ಅಕ್ಕ. ಇವರ ಕೆಲಸ ಇದ್ದದ್ದೇ ಅಂತ ಮಗ್ಗುಲು ಬದಲಿಸ್ಕೊಂಡು ಮಲಗಿದೆ."

ನನಗೆ ಹೇಳಿ ಕಳಿಸಿದ. ಹೋದೆ. ಕಾರನ್ನ ಎರಡು ಕೈಯಲ್ಲಿ ಹಿಡ್ಕೊಂಡು ಬೀದಿಯ ಕೊನೇ ಮನೆಗೆ ನಡೆದ, ಹಿಂದೆ ನಾನು. ಡ್ರೈವರಣ್ಣನ ಹೆಂಡತಿ ಬಾಗಿಲಲ್ಲೇ ನಿಂತಳು, ಒಳಗೆ ಕರೀಲಿಲ್ಲ.

"ನಾನು ಆ ದಾರೀಲೇ ಬಂದಿದ್ದೆ, ಅತ್ತಿಗೆ," ಅಂದ. "ಕಟ್ಟೆ ಒಡೆದಿತ್ತು. ಕಾರಿನ ದೀಪ ನೀರೊಳಗೆ ಇನ್ನೂ ಉರೀತಿತ್ತು. ಯಾರ ಕಾರು ಅಂತಾನೂ ಗೊತ್ತಾಯ್ತು."

"ಗೊತ್ತಾಗಿ?"

"ಒದ್ದಾಡ್ಲಿ ಸ್ವಲ್ಪ ಹೊತ್ತು ಅಂದ್ಕೊಂಡೆ. ಯಾರಾದರೂ ಬರ್ತಾರೆ ಅಂದ್ಕೊಂಡೆ... ಮನೇಲಿ ಒಂದು ಕಾರಿನ ಬಣ್ಣ ಒಣಗಿ ಕೂತಿತ್ತು, ಎರಡನೇ ಸಲ ಬಳಿಯೋದಿತ್ತು."

ಬಣ್ಣ! ನನ್ನ ಕೈ ತಾನಾಗೇ ಎದ್ದಿತು, ಹೊಡೆದೇಬಿಡ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡ್ಕೊಂಡಳು. ಇವನು ರಾತ್ರಿ ಆದದ್ದನ್ನೂ ಹೇಳಿ, ಕಾರು ಮುಂದೆ ಚಾಚಿ, "ಇದನ್ನ ನೀವೇ ಇಟ್ಕೊಳ್ಳಿ" ಅಂತ ಅಳೋಕೆ ಶುರುಮಾಡಿದ. ಅವಳು ಕಾರಿನ ಕಡೆ ಬಗ್ಗಿ ಒಂದು ಸಲ ನೋಡಿದಳು. ಮುಟ್ಟಲಿಲ್ಲ.

"ನನಗ್ಯಾಕೆ? ನನ್ನ ಕಣ್ಣ ಮುಂದೆ ಅವರನ್ನ ಮಣ್ಣು ಮಾಡಿ ಆಯ್ತು. ಇದು ನಿಂದು, ನೀನೇ ಇಟ್ಕೋ. ಒಡೀಬೇಡ, ಯಾರಿಗೂ ಕೊಡಬೇಡ. ರಾತ್ರಿ ಬಡೀತಾರೆ. ಬಡಿದಾಗೆಲ್ಲ ನೀನು ಏಳಬೇಕು. ಎದ್ದು ಹೋಗಿ, ಬಂದೆ ಅಣ್ಣ ಅನ್ನಬೇಕು. ಅವತ್ತು ಹೋಗಲಿಲ್ಲ ಅಲ್ವಾ? ಇನ್ಮೇಲೆ ಹೋಗು."

"ಎಷ್ಟು ದಿನ ಅತ್ತಿಗೆ?"

"ಒಂದು ರಾತ್ರಿ ಏಳದೆ ಮಲಗಿ ನೋಡು," ಅಂದಳು. ಬಾಗಿಲು ಹಾಕ್ಕೊಂಡಳು.

ಈಗ ಆ ಬೀರುವಿನಲ್ಲಿ ಬೇರೆ ಕಾರಿಲ್ಲ. ಎಲ್ಲ ಕೊಟ್ಟುಬಿಟ್ಟ. ಅದೊಂದೇ ಇದೆ, ಒಂದು ಸ್ಟೀಲ್ ತಟ್ಟೆ ಮೇಲೆ. ಮೊನ್ನೆ ಹೋದಾಗ ನಾನು ಅವರ ನಡುಮನೇಲೇ ಮಲಗಿದ್ದೆ. ಯಾವ ಹೊತ್ತೋ ಗೊತ್ತಿಲ್ಲ, ಎಚ್ಚರ ಆಯ್ತು. ಮೊದಲು ಟಪ್ ಅಂತು. ಆಮೇಲೆ ಒಳಗೆ ಮಂಚ ಕಿರ್ರ್ ಅಂತು. ಚರ್... ಚರ್... ನನ್ನ ತಲೆ ಪಕ್ಕದಲ್ಲೇ ಹಾದುಹೋದ. "ಬಂದೆ ಅಣ್ಣ... ಬಂದೆ." ನಾನು ಹೊದಿಕೆ ತೆಗೆದು ನೋಡಲಿಲ್ಲಪ್ಪ, ನನಗೇನು ಜೀವ ಭಾರವಾಗಿರಲಿಲ್ಲ.

ಬೆಳಿಗ್ಗೆ ಅವನ ಹೆಂಡತಿ ಕಸ ಗುಡಿಸ್ತಾ, ಹಾಲು ಕಾಯಿಸು ಅಂದಷ್ಟೇ ಸಲೀಸಾಗಿ, "ಅಕ್ಕ, ಆ ತಟ್ಟೇಲಿರೋದನ್ನ ಸ್ವಲ್ಪ ಚೆಲ್ಲಿ ಬರ್ತೀರಾ? ಬಿಟ್ಟರೆ ಬೀರುವೆಲ್ಲ ಆಗುತ್ತೆ" ಅಂದಳು. ಹೋಗಿ ಕಾರೆತ್ತಿದೆ. ಕಾರು ಒಣಗಿ ಗರಿಗರಿಯಾಗಿತ್ತು. ಸುತ್ತ ಅಂಟಿಸಿದ್ದು ಹಾಗೇ ಇತ್ತು, ಎಲ್ಲೂ ಬಿರುಕಿಲ್ಲ. ತಟ್ಟೆ ತುಂಬ ನೀರು, ಪಾಚಿ ವಾಸನೆ. ನಂಬೋದಾದರೆ ನಂಬಿ, ಬಿಡೋದಾದರೆ ಬಿಡಿ. ಹಿತ್ತಲಿಗೆ ಹೋಗಿ ಚೆಲ್ಲಿ, ತಟ್ಟೆ ಒರೆಸಿ, ವಾಪಸ್ ಕಾರಿನ ಕೆಳಗೆ ಇಟ್ಟು ಬಂದವಳು ನಾನೇ.