ಬಾಗಿಲ ಪಕ್ಕದ ಕುರ್ಚಿ

ಇಲ್ಲ ಇಲ್ಲ, ನೀವು ಏಳಬೇಡಿ ಮಾವ. ಕುರ್ಚಿ ಏನು ಅಂಥ ಭಾರ ಇಲ್ಲ, ನಾನೇ ಒಳಗಿಡ್ತೀನಿ. ಮಡಚೇ ಇದೆ, ಇಲ್ಲೇ ಗೋಡೆಗೆ ಒರಗಿಸಿರ್ತೀನಿ... ಹೂಂ, ನಿಮ್ಮದೇ ಕುರ್ಚಿ. ಟೈಲರ್ ಅಂಗಡೀಲಿ ಇತ್ತಲ್ಲ, ನೀವು ಕೂರ್ತಿದ್ದಿದ್ದು. ಕ್ಯಾನ್ವಾಸಿನ ಹೊಲಿಗೆ ಬಿಟ್ಟಿದೆ ನೋಡಿ. ನೀವು ಕೂತು ಎಲ್ಲಿ ಸೊಂಟ ಮುರ್ಕೊಳ್ತೀರೋ ಅಂತ ತಂದೆ. ಸರಿ ಮಾಡಿಸೋಣ ಅಂತ.

ಯಾಕೆ ನಗ್ತೀರಿ? ಓ... ಟೈಲರ್ ಅಂಗಡಿ ಕುರ್ಚಿಗೆ ಹೊಲಿಗೆ ಹಾಕಿಸೋಕೆ ರಿಟೈರಾದ ಬಸ್ ಡ್ರೈವರ್ ಮನೆಗೆ ಹೊತ್ಕೊಂಡು ಬಂದನಲ್ಲ ಅಂತಾನಾ? ನಗಿ, ನಗಿ. ಆದರೆ ಅಲ್ಲೀಗ ಹೊಲಿಗೆ ಹಾಕೋಕೆ ಯಾರಿಗೆ ಮನಸ್ಸಿದೆ ಹೇಳಿ? ನಮ್ಮ ತಂಡ ಫುಟ್‌ಬಾಲ್ ಫೈನಲ್ ಸೋತಾಗಿಂದ ಟೈಲರಣ್ಣ ಪೆಡಲ್ ಮೇಲೆ ಕಾಲಿಟ್ಕೊಂಡು ಸುಮ್ಮನೆ ರಸ್ತೆ ನೋಡ್ತಾ ಕೂರ್ತಾರೆ. ನಿನ್ನೆ ಒಂದು ಪ್ಯಾಂಟಿಗೆ ಎರಡೂ ಜೇಬು ಒಂದೇ ಕಡೆ ಇಟ್ಟಿದ್ದರು. ಗಿರಾಕಿನೂ ನಮ್ಮ ತಂಡದ ಕಡೆಯವನೇ. ಹಾಕ್ಕೊಂಡ, ಒಂದೇ ಕಡೆ ಎರಡೂ ಕೈ ಇಳಿಸಿ ನೋಡಿದ, ಇರಲಿ ಬಿಡಿ ಅಂತ ಹೋದ.

ನಂದೂ ಅದೇ ಪಾಡು. ಅದೇ ಅಂಗಡೀಲಿ ಇಸ್ತ್ರಿ ಮಾಡ್ತಾ ಪೆಟ್ಟಿಗೆ ಇಟ್ಟಲ್ಲೇ ಮರೆತು ಒಬ್ಬರ ಬಿಳಿ ಅಂಗಿ ಬೆನ್ನು ಸುಟ್ಟುಬಿಟ್ಟೆ. ಊಟ ಸೇರಲ್ಲ. ಆ ಹನ್ನೊಂದು ಜನ ಮನೇಲಿ ಹೊಟ್ಟೆ ತುಂಬ ಉಂಡು ಮಲಗಿರ್ತಾರೆ, ನಿಮಗೇನು ಬಂತು ರೋಗ ಅಂತ ನನ್ನ ಹೆಂಡತಿ ಕೇಳಿದಳು. ಅವಳು ಹೇಳೋದು ಸರಿ. ಸರಿ ಅಂತ ಗೊತ್ತಿದ್ದೂ ತುತ್ತು ಇಳಿಯಲ್ಲ, ಏನು ಮಾಡೋದು? ಬೇಕರಿಯವನು ಅಂಗಡಿಗೆ ಬಂದರೆ ಅಲ್ಲಿರೋ ಟಿವಿಗೆ ಬೆನ್ನು ಹಾಕಿ ಕೂರ್ತಾನೆ, ಅದು ಆಫ್ ಆಗಿದ್ದರೂ. ಗುಂಡಣ್ಣ ನಮ್ಮನ್ನ ಸೋಲಿಸಿದ ಆ ಕೊನೇ ಗೋಲನ್ನ ಫೋನಲ್ಲಿ ಹಾಕ್ಕೊಂಡು ಹಾಕ್ಕೊಂಡು ನೋಡ್ತಾನೆ, ಈ ಸಲ ನಮ್ಮ ಗೋಲ್‌ಕೀಪರ್ ಹಿಡಿದೇ ಬಿಡ್ತಾನೆ ಅನ್ನೋ ಥರ. ಸಾಕು ಮಾಡಪ್ಪ ಅಂದರೆ ಅಳ್ತಾನೆ. ಅಷ್ಟು ದೊಡ್ಡ ಆಳು!

ನಿಮ್ಮನ್ನಾ? ಕೇಳಿದರು, ಕೇಳಿದರು. ಎಲ್ಲರೂ ಕೇಳಿದರು. ಮಾವ ಯಾಕೆ ಬರ್ತಿಲ್ಲ ಅಂತ... ಹಾಗೆ ನೋಡಬೇಡಿ.

ಯಾರೂ ನಿಮ್ಮನ್ನ ಬೈದಿಲ್ಲ. ಅಂದರೆ... ಮನಸ್ಸಿಗೆ ಹಚ್ಕೋಬೇಡಿ. ಇದೆಲ್ಲ ತಮಾಷೆಗೆ ಶುರುವಾಗಿದ್ದು ತಾನೇ? ಸೀಸನ್ನಿನ ಮೊದಲ ಪಂದ್ಯ. ನೀವು ಸಿಗರೇಟು ಸೇದೋಕೆ ಹೊರಗೆ ಹೋದಿರಿ, ನಮ್ಮವರು ಗೋಲು ಹೊಡೆದರು. ಒಳಗೆ ಬಂದಿರಿ, ಅವರು ಹೊಡೆದರು. ಮಾವನ್ನ ಹೊರಗೇ ನಿಲ್ಲಿಸಿ ಅಂತ ಗುಂಡಣ್ಣ ಅಂದ. ನೀವೂ ನಕ್ಕು, ಸರಿ ಇನ್ಮೇಲೆ ಹೊರಗೇ ನನ್ನ ಡ್ಯೂಟಿ ಅಂದಿರಿ. ಆಮೇಲೆ ತಮಾಷೆ ಎಲ್ಲಿ ಹೋಯ್ತೋ. ಇಡೀ ಸೀಸನ್ ನಿಮ್ಮ ಕುರ್ಚಿ ಬಾಗಿಲ ಒಳಗೆ, ನೀವು ಬಾಗಿಲ ಹೊರಗೆ. ನಮ್ಮ ಕಿರುಚಾಟ ಕೇಳಿಸ್ಕೊಂಡು ಗೋಲೋ ಅಲ್ವೋ ಅಂತ ಫುಟ್‌ಪಾತಲ್ಲಿ ನಿಂತು ಲೆಕ್ಕ ಹಾಕ್ತಿದ್ದಿರಿ. ಅಮ್ಮ ಬೇಡ ಬೇಡ ಅಂದರೂ ಕೇಳದೆ, ತಂಗಿ ಮಗ ನೋಡಲಿ ಅಂತ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಮೈದಾನ ತೋರಿಸಿದವರು ನೀವು. ನೀವು ಹೊರಗೆ, ನಾನು ಒಳಗೆ. ನನಗದು ಒಂಥರಾ... ಇರಲಿ.

ಅತ್ತೆ ಹೋದ ಮೇಲೆ ಸಂಜೆ ಹೊತ್ತು ನಿಮಗೆ ಅಂತ ಇದ್ದಿದ್ದು ಅದೊಂದೇ ಜಾಗ. ನನಗೆ ಗೊತ್ತಿಲ್ವಾ? ಗೊತ್ತು.

ಆದರೆ ಫೈನಲ್ಲು... ಗೆದ್ದೇ ಬಿಟ್ಟಿದ್ದೆವು ಮಾವ! ಒಂದು ಗೋಲು ಮುಂದೆ, ಇನ್ನೇನು ಸೀಟಿ ಊದಬೇಕು. ಆವಾಗ ನೀವು ಒಳಗೆ ಬಂದಿರಿ. ಒದ್ದೆ ತಲೆ ಒರೆಸ್ಕೊಂಡು, ನಗ್ತಾ. ಕೂತಿರೋ ಇಲ್ವೋ, ಗೋಲು ಬಿತ್ತು. ಆಮೇಲೆ ಇನ್ನೊಂದು. ಎಲ್ಲರೂ ತಿರುಗಿ ನಿಮ್ಮನ್ನೇ ನೋಡಿದರು. ಅಷ್ಟು ಹೇಳಿದ್ದರೂ ಯಾಕೆ ಬಂದಿರಿ ಅಂತ ಟೈಲರಣ್ಣ ಕೇಳಿದರು. ನೀವು ನನ್ನ ಕಡೆ ಒಂದು ಸಲ ನೋಡಿ, ಚಪ್ಪಲಿ ಹಾಕ್ಕೊಂಡು ಹೊರಟುಬಿಟ್ಟಿರಿ.

ಅವರಿಗೂ ಕಷ್ಟ. ಆಟ ಆಡಿದವರನ್ನ ಬೈಯೋಣ ಅಂದರೆ ಅವರು ಕೈಗೆ ಸಿಗಲ್ಲ. ನೀವು ಸಿಗ್ತೀರಿ. ನಿಮ್ಮಿಂದ ಸೋತ್ವಿ ಅಂದ್ಕೊಂಡರೆ ಅವರಿಗೆ ಒಂದಿಷ್ಟು ನಿದ್ದೆ ಬರುತ್ತೆ, ಅಷ್ಟೇ. ಮುಂದಿನ ಸೀಸನ್ ಹೊತ್ತಿಗೆ ಎಲ್ಲ ಮರೆತಿರ್ತಾರೆ, ಆಗ ಈ ಕುರ್ಚಿ ನಾನೇ ವಾಪಸ್... ಅಂದರೆ, ಹೊಲಿಗೆ ಹಾಕಿಸಿ ವಾಪಸ್...

ಏನು ಮಾಡ್ತಿದೀರಿ? ಬಿಚ್ಚಬೇಡಿ ಮಾವ, ಬಿಡಿ. ಹೊಲಿಗೆ ಬಿಟ್ಟಿರೋದು ಅಲ್ಲಲ್ಲ, ಆ ಕಡೆ... ಆ ಕಡೆನೂ ಇಲ್ವಾ? ಬೆಳಕು ಸಾಲದೇನೋ. ಅಷ್ಟು ಜೋರಾಗಿ ಎಳೀಬೇಡಿ. ಅಯ್ಯೋ ಕೂರಬೇಡಿ, ಬಿದ್ದೀರಿ...

ಹೂಂ. ಗಟ್ಟಿಯಾಗೇ ಇದೆ. ಎಲ್ಲೂ ಬಿಟ್ಟಿಲ್ಲ.

ನಾನೇನು ಮಾಡಲಿ? ಈ ಕುರ್ಚಿ ಇನ್ನು ಇಲ್ಲಿ ಬೇಡ, ನಿನ್ನ ಮಾವ ತಾನೇ, ನೀನೇ ಹೋಗಿ ಕೊಟ್ಟು ಬಾ ಅಂತ ಅವರೆಲ್ಲ ಅಂದರು. ನಾಳೆನೂ ನಾನು ಅದೇ ಅಂಗಡೀಲಿ ನಿಂತು ಇಸ್ತ್ರಿ ಮಾಡಬೇಕು.

ಏನಾದರೂ ಅನ್ನಿ ಮಾವ. ಬೈಯಿರಿ. ಹೀಗೆ ಸುಮ್ಮನೆ ಕೂರಬೇಡಿ. ಅವತ್ತೂ ಹೀಗೇ ಸುಮ್ಮನಿದ್ದಿರಿ... ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲ, ಇವನೇ ಕರೆದ ಅಂತ. ಮಳೆ ಹನೀತಿತ್ತು. ನೀವು ನೆನೀತಾ ನಿಂತಿದ್ದಿರಿ. ಅವರೆಲ್ಲರ ಕಣ್ಣು ಟಿವಿ ಮೇಲೆ. ಬಾಗಿಲು ತೆಗೆದವನು ನಾನು. ಗೆದ್ದಾಯ್ತು ಮಾವ, ಬನ್ನಿ, ಕೊನೇ ಸೀಟಿ ನಮ್ಮ ಜೊತೆ ಕೂತು ಕೇಳಿ ಅಂದವನು ನಾನು. ಅದನ್ನ ಅವರ ಮುಂದೆ ಹೇಳೋಕೆ ಬಾಯೇ ಬರಲಿಲ್ಲ. ಇನ್ನೂ ಬಂದಿಲ್ಲ.

ನೀವೇ ಬಂದು ಹೇಳಿಬಿಡಿ. ಬೇಡ... ಬೇಡ, ಹೇಳಬೇಡಿ ಮಾವ. ಗೊತ್ತಾದರೆ ಆಮೇಲೆ ಅವರ ಕೈಗೆ ಸಿಗೋನು ನಾನು.

ನಿಮ್ಮ ಕುರ್ಚಿ ಎತ್ತಿದ ಮೇಲೆ ಅಲ್ಲಿ ಬಾಗಿಲ ಪಕ್ಕ ಕೂರೋನು ಈಗ ನಾನೇ.