ಹದಿನೇಳನೇ ಪುಟದ ಸಹಿ

ಎಲ್ಲರಿಗೂ ನಮಸ್ಕಾರ. ಗ್ರಂಥಾಲಯದ ಹಿರಿಯ ಸಹೋದ್ಯೋಗಿಗಳೇ, ಓದುಗರೇ, ನಿವೃತ್ತರಾದ ಮೇಲೂ ಇವತ್ತಿಗಾಗಿ ಈ ಮೆಟ್ಟಿಲು ಹತ್ತಿ ಬಂದವರೇ — ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕ, ಅವರ ಪಕ್ಕದಲ್ಲಿರುವ ಮಗಳೇ — ನಿಮ್ಮಿಬ್ಬರಿಗೆ ಮೊದಲು ಕೈ ಮುಗಿಯುತ್ತೇನೆ.

ನಮ್ಮ ಬೈಂಡರ್ ತೀರಿಕೊಂಡು ಎರಡು ವಾರವಾಯಿತು. ಮೂವತ್ತನಾಲ್ಕು ವರ್ಷ ಈ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಸ ಬೆನ್ನು ಕಟ್ಟಿಕೊಟ್ಟವರು. ಕೈಗೆ ಸದಾ ಗೋಂದು ಅಂಟಿರುತ್ತಿತ್ತಲ್ಲ, ನಿರ್ದೇಶಕರಿಗೂ ಅವರು ಗೋಂದಣ್ಣ, ಗೇಟಿನ ಕಾವಲುಗಾರನಿಗೂ ಗೋಂದಣ್ಣ. ಅವರ ಹೆಂಡತಿ, ನಮ್ಮ ಅಕ್ಕ, ಫೋನ್ ಮಾಡಿದಾಗಲೂ, "ಗೋಂದಣ್ಣ ಇದ್ದಾರಾ?" ಅಂತಲೇ ಕೇಳುತ್ತಿದ್ದರು. ನಗಬಹುದು. ಅಕ್ಕನೇ ನಗುತ್ತಿದ್ದಾರೆ.

ಅವರ ಕೆಲಸದ ಬಗ್ಗೆ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದರು. ನಾನು ಅವರ ಹಾಕಿ ಪುಸ್ತಕಗಳ ಬಗ್ಗೆ ಹೇಳುತ್ತೇನೆ. ಈ ಮೇಜಿನ ಮೇಲಿವೆ ನೋಡಿ, ನೀಲಿ ರಟ್ಟಿನವು, ಏಳು ಸಂಪುಟ. ಇಪ್ಪತ್ತೆರಡು ವರ್ಷ ಆ ಮನೆಯ ಮೂವರೂ ಸೇರಿ ಕೂಡಿಸಿದ ಹಾಕಿ ಆಟಗಾರರ ಹಸ್ತಾಕ್ಷರಗಳು.

ಭಾನುವಾರ ಬಂದರೆ ಮೂವರೂ ಮೈದಾನದಲ್ಲಿ. ಪುಸ್ತಕ ಹಿಡಿಯುವುದು ಮಗಳ ಕೆಲಸ. ಅಕ್ಕನ ಚೀಲದಲ್ಲಿ ಮೂರು ಪೆನ್ನು, ಒಂದು ಟವೆಲ್. ಟವೆಲ್ ಯಾಕೆ? ಮೈದಾನದ ಕೃತಕ ಹುಲ್ಲಿಗೆ, ಟರ್ಫ್‌ಗೆ, ನೀರು ಹಾಕಿರುತ್ತಾರೆ, ಆಟಗಾರರ ಕೈ ಒದ್ದೆ. ಎಂಥ ದೊಡ್ಡ ಆಟಗಾರನೇ ಇರಲಿ, "ಮೊದ್ಲು ಕೈ ಒರೆಸ್ಕೊಳಪ್ಪ" ಅಂತ ಅಕ್ಕ ಟವೆಲ್ ಚಾಚುತ್ತಿದ್ದರು. ಎಲ್ಲರೂ ಒರೆಸಿಕೊಳ್ಳುತ್ತಿದ್ದರು. ಯಾರಿಗಿದೆ ಧೈರ್ಯ!

ಗೋಂದಣ್ಣನದು ಒಂದೇ ನಿಯಮ. ಸಹಿ ಕೇಳುವ ಮುಂಚೆ, ಅವತ್ತಿನ ಆಟದಲ್ಲಿ ಆ ಆಟಗಾರ ಮಾಡಿದ ಒಂದು ಕೆಲಸವನ್ನು ಅವನಿಗೇ ಹೇಳಬೇಕು. ನೋಡಿರಬೇಕು, ಹೇಳಬೇಕು, ಆಮೇಲೆ ಪುಸ್ತಕ ಮುಂದೆ ಹಿಡಿಯಬೇಕು. ಹೇಳಿದ ಮಾತು ಸಹಿಯ ಕೆಳಗೆ ಪುಟ್ಟ ಅಕ್ಷರದಲ್ಲಿ ದಾಖಲಾಗಬೇಕು.

ಒಂದು ಸಲ ಹೀಗಾಯಿತು, ಮಗಳಿಗೆ ಆಗ ಒಂಬತ್ತು ವರ್ಷ. ಗೆದ್ದ ತಂಡದ ಕ್ಯಾಪ್ಟನ್ ಎದುರಿಗೆ ಬಂದ, ಇವಳು ಪುಸ್ತಕ ಚಾಚಿದಳು, ಅವನು ಕೈಯೂ ಒರೆಸಿಕೊಂಡ, ಪೆನ್ನೂ ತೆಗೆದುಕೊಂಡ. ಆಗ ಗೋಂದಣ್ಣ ಕೇಳಿದರು:

"ಏನ್ ನೋಡ್ದೆ, ಹೇಳು."

"ನಾನು… ಐಸ್‌ಕ್ರೀಮ್ ತಿಂತಾ ಇದ್ದೆ ಅಪ್ಪ."

"ಸಾರ್, ಕ್ಷಮಿಸಿ. ಇವ್ಳು ನಿಮ್ಮ ಆಟ ನೋಡಿಲ್ಲ." ಹೀಗೆ — ಪೆನ್ನಿನ ತುದಿಯ ಕೆಳಗಿಂದ ಪುಸ್ತಕ ವಾಪಸ್!

ಕ್ಯಾಪ್ಟನ್ ಪೆನ್ನು ಹಿಡಿದು ನಿಂತೇ ಇದ್ದನಂತೆ. ಮುಂದಿನ ಪಂದ್ಯದಲ್ಲಿ ಅವನು ಎಷ್ಟು ಸಲ ಮೂಗು ಉಜ್ಜಿಕೊಂಡ ಎನ್ನುವುದನ್ನೂ ಇವಳು ಎಣಿಸಿದ್ದಳು. ಎರಡನೇ ಸಂಪುಟದಲ್ಲಿದೆ. ಹನ್ನೊಂದು ಸಲ.

ಈಗ ನನ್ನ ವಿಷಯ. ಎಂಟು ವರ್ಷದ ಹಿಂದೆ ಇಲ್ಲಿ ಕ್ರೀಡಾ ಪುಸ್ತಕಗಳ ಪ್ರದರ್ಶನ ಮಾಡಿದೆವು. ಅದಕ್ಕೆ ಮೂರನೇ ಸಂಪುಟವನ್ನು ನಾನು ಕೇಳಿ ಪಡೆದೆ. ನನ್ನ ಮೇಜಿನ ಮೇಲೆ ಹೊಸ ಪುಸ್ತಕಗಳ ರಾಶಿ ಇತ್ತು, ಇದನ್ನೂ ಅಲ್ಲೇ ಇಟ್ಟೆ. ನಮ್ಮಲ್ಲಿ ಪ್ರತಿ ಹೊಸ ಪುಸ್ತಕದ ಹದಿನೇಳನೇ ಪುಟಕ್ಕೊಂದು ಸೀಲು ಬೀಳುತ್ತದೆ. ಯಾರಾದರೂ ಮೊದಲ ಪುಟ ಹರಿದುಹಾಕಿದರೂ ಪುಸ್ತಕ ನಮ್ಮದು ಎಂದು ತೋರಿಸಲು. ಗುಟ್ಟು ಹೇಳಿಬಿಟ್ಟೆ, ಇರಲಿ. ಕೈ ಅಭ್ಯಾಸದಂತೆ ಹೋಯಿತು — ತೆಗೆ, ಒತ್ತು, ಮುಚ್ಚು. ತೆಗೆ, ಒತ್ತು — ಅಲ್ಲಿ ನಿಂತೆ. ಒಬ್ಬ ಗೋಲ್‌ಕೀಪರನ ಸಹಿಯ ಮೇಲೆ ನಮ್ಮ ನೇರಳೆ ಸೀಲು.

ನಾನು ಪುಸ್ತಕ ಮುಚ್ಚಿದೆ. ಗಾಜಿನ ಕೆಳಗೆ ಬೇರೆ ಪುಟ ತೆರೆದಿಟ್ಟೆ. ಪ್ರದರ್ಶನ ಮುಗಿದ ಮೇಲೆ ಏನೂ ಹೇಳದೆ ಹಿಂದಿರುಗಿಸಿದೆ. ಯಾಕೆ ಹೇಳಲಿಲ್ಲ ಎಂದು ಇಂದಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ಸಿಗುವ ಉತ್ತರ ಯಾವುದೂ ನನಗೆ ಹಿಡಿಸುವುದಿಲ್ಲ.

ಒಂದು ತಿಂಗಳಾದ ಮೇಲೆ ಗೋಂದಣ್ಣ ತಮ್ಮ ಕೋಣೆಗೆ ಕರೆದು ಮೂರನೇ ಸಂಪುಟ ಮುಂದಿಟ್ಟರು. "ಮೇಡಂ, ಸ್ವಲ್ಪ ಬನ್ನಿ. ಹದಿನೇಳು ತೆಗೀರಿ."

ತೆಗೆದೆ. "ಗೋಂದಣ್ಣ, ಅದು ನಾನೇ…"

"ಗೊತ್ತು ಬಿಡಿ. ಮನೇಲಿ ಮೂರು ಜನಾನೂ ನೋಡಿದ್ವಿ. ನನ್ನ ಹೆಂಡ್ತಿ ಅಂದ್ಲು — ಆ ಗೋಲ್‌ಕೀಪರ್ ಅವತ್ತು ಒಂದೂ ಗೋಲು ಬಿಟ್ಟಿರ್ಲಿಲ್ಲ, ಕೊನೆಗೆ ಮೇಡಂ ಹೊಡೆದ್ರು ನೋಡಿ ಗೋಲು!" ಆಮೇಲೆ ಪೆನ್ನು ಚಾಚಿದರು. "ಸೀಲು ಒಂದು ಕೂದಲೆಳೆ ವಾಲಿಲ್ಲ ಮೇಡಂ. ನೋಡಿದೀನಿ, ಹೇಳಿದೀನಿ. ಪಕ್ಕದಲ್ಲಿ ಸಹಿ ಹಾಕಿ."

ನಾನು ಹಾಕಲಿಲ್ಲ. "ಅಯ್ಯೋ, ನಾನ್ಯಾವ ಆಟಗಾರ್ತಿ" ಎಂದು ನಕ್ಕು ಹೊರಗೆ ಬಂದೆ. "ಪೆನ್ನು ಇಲ್ಲೇ ಇರುತ್ತೆ" ಎಂದರು ಹಿಂದಿನಿಂದ. ಎಂಟು ವರ್ಷ ಆ ಬಾಗಿಲ ಮುಂದೆ ದಿನಾ ಓಡಾಡಿದೆ. ಅವರು ಮತ್ತೆ ಕೇಳಲಿಲ್ಲ. ನಾನು ಒಳಗೆ ಹೋಗಿ ಕೂತು ಬೇರೆಲ್ಲ ಮಾತಾಡಿದೆ.

ಕಳೆದ ವಾರ ಅಕ್ಕ ಒಂದು ಪತ್ರ ಕೊಟ್ಟರು. ಏಳೂ ಸಂಪುಟ ಗ್ರಂಥಾಲಯಕ್ಕೆ ದಾನ. "ಇನ್ಯಾರು ಹೋಗ್ತಾರೆ ಮೇಡಂ ಪಂದ್ಯಕ್ಕೆ? ನಿಮ್ಮ ಹತ್ರ ಭದ್ರವಾಗಿರ್ಲಿ." ಗ್ರಂಥಾಲಯ ಸಮಿತಿಯವರು ಸಂತೋಷದಿಂದ ಒಪ್ಪಿದರು. ಮಗಳು ಟವೆಲ್ ಮಡಿಸಿ ಬಿಚ್ಚಿ ಮಡಿಸುತ್ತಿದ್ದಳು. ಕೊನೆಯ ತೀರ್ಮಾನ ಗ್ರಂಥಪಾಲಕಿಯಾದ ನನ್ನದು.

ಮೊನ್ನೆ ಆ ಹಿಂದಿನ ಕೋಣೆಯ ಬೀಗ ತೆಗೆಸಿದೆ. ಕಟ್ಟಿದ ಪುಸ್ತಕ ಒತ್ತಿಡುವ ಪ್ರೆಸ್ಸಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಹಿಡಿ ತಿರುಗಿಸಿ ಸಡಿಲಿಸಿದೆ. ನೀಲಿ ರಟ್ಟು. ಎಂಟನೇ ಸಂಪುಟ. ಹಾಳೆಗಳೆಲ್ಲ ಖಾಲಿ, ಮೂಲೆಯಲ್ಲಿ ಪೆನ್ಸಿಲಿನಿಂದ ಪುಟಸಂಖ್ಯೆ — ಇನ್ನೂರ ನಲವತ್ತರವರೆಗೆ ಹಾಕಿಟ್ಟಿದ್ದಾರೆ.

ನಮ್ಮಲ್ಲಿಗೆ ಬಂದ ಪುಸ್ತಕದಲ್ಲಿ ಯಾರೂ ಏನೂ ಬರೆಯುವಂತಿಲ್ಲ. ಆ ನಿಯಮವನ್ನು ಇಪ್ಪತ್ತು ವರ್ಷ ಕಟ್ಟುನಿಟ್ಟಾಗಿ ಕಾದವಳು ನಾನೇ. ಅದು ಒಳ್ಳೆಯ ನಿಯಮ. ಆದರೆ ಈ ಪುಸ್ತಕಗಳಿಗೆ ಅದು ಸಲ್ಲದು. ಸಮಿತಿಯ ಹಿರಿಯರು ಮನ್ನಿಸಬೇಕು, ಈ ದಾನವನ್ನು ನಾನು ಸ್ವೀಕರಿಸುವುದಿಲ್ಲ.

ಅಕ್ಕ, ತಲೆ ಅಲ್ಲಾಡಿಸುತ್ತಿದ್ದೀರಿ. ಗೊತ್ತು. ನಿಮಗೆ ಆಗದಿದ್ದರೆ ಬೇಡ. ಮಗಳನ್ನು ಕೇಳುತ್ತೇನೆ. ಬರುವ ಭಾನುವಾರ ಪಂದ್ಯ ಇದೆ ಅಂತ ಪತ್ರಿಕೆಯಲ್ಲಿ ಓದಿದೆ. ನನಗೆ ಹಾಕಿಯ ಗಂಧಗಾಳಿಯಿಲ್ಲ. ಟವೆಲ್ ಹಿಡಿಯಲು ಬರುತ್ತೇನೆ. ಕರೆದುಕೊಂಡು ಹೋಗ್ತೀಯಾ?

…ಬಾಮ್ಮ. ಬಾ. ಎಂಟನೆಯದನ್ನು ಮೊದಲು ತಗೋ. ಏಳನ್ನೂ ಆಮೇಲೆ ಮನೆಗೆ ಕಳಿಸುತ್ತೇನೆ. ಒಂದು ನಿಮಿಷ — ಈ ಮೂರನೆಯದನ್ನು ಇಲ್ಲಿ ಹಿಡಿ. ಹದಿನೇಳನೇ ಪುಟ. ಪೆನ್ನು ಅವರ ಮೇಜಿನ ಮೇಲೆಯೇ ಇತ್ತು.

ಹಾಂ. ಆಯಿತು. ಸಹಿ ಸ್ವಲ್ಪ ವಾಲಿತು, ಇರಲಿ.

ಸ್ನೇಹಿತರೇ, ಈಗ ನಾವೆಲ್ಲ ಎದ್ದು ನಿಲ್ಲಬೇಕು. ಆದರೆ ಆ ಮನೆಯ ನಿಯಮ ನಿಮಗೆ ತಿಳಿದಿದೆ. ಗೋಂದಣ್ಣ ಮಾಡಿದ ಒಂದು ಕೆಲಸ, ನಿಮ್ಮ ಕಣ್ಣಾರೆ ಕಂಡದ್ದು, ಎಷ್ಟು ಚಿಕ್ಕದಾದರೂ ಸರಿ, ಮೊದಲು ಅದನ್ನು ಮನಸ್ಸಿಗೆ ತಂದುಕೊಳ್ಳಿ. ಅವರನ್ನು ನೋಡಿರದವರು ಕೂತೇ ಇರಬಹುದು, ಅವರು ತಪ್ಪು ತಿಳಿಯುವವರಲ್ಲ.

ಎರಡು ನಿಮಿಷ ಮೌನ. ನೆನಪಾದವರು ಏಳಿ.